ಮೇಷ್ಟ್ರ ದನಿ ನನ್ನ ಹೊಟ್ಟೆಯಲ್ಲಿತ್ತು

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಲೋಹದ ಡಬ್ಬಿ. ಒಳಗೆ ಕನ್ನಡಿಯಂಥ ತಟ್ಟೆಗಳು, ಅವುಗಳ ಮೇಲೆ ಓಡಾಡುವ ಸಣ್ಣ ಮುಳ್ಳು. ಹುಟ್ಟಿದ ಕಾರ್ಖಾನೆಯಲ್ಲಿ ಧೂಳಿಗೂ ಪ್ರವೇಶವಿರಲಿಲ್ಲ, ಆಮೇಲಿನ ಬಾಳೆಲ್ಲ ಧೂಳಿನಲ್ಲೇ ಕಳೆಯಿತೆನ್ನಿ. ಮೊದಲು ಮಂಡ್ಯದ ಬಟ್ಟೆ ಅಂಗಡಿಯೊಂದರ ಕ್ಯಾಮೆರಾಗಳಿಗೆ ದುಡಿದೆ. ಹತ್ತು ಸೀರೆ ಹರವಿಸಿ ಒಂದನ್ನೂ ಕೊಳ್ಳದೆ ಎದ್ದುಹೋಗುವವರನ್ನೇ ಮೂರು ವರ್ಷ ಬರೆದುಕೊಂಡೆ. ಅಂಗಡಿ ಮುಚ್ಚಿದಾಗ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುವ ವಿನುತಾ ನನ್ನನ್ನು ಕೊಂಡಳು.

ಅವಳ ಮನೆಯಲ್ಲಿ ನಾವು ನಾಲ್ವರು ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದೆವು. ಬಂದದ್ದನ್ನೆಲ್ಲ ಹಂಚಿಕೊಂಡು ಬರೆಯುತ್ತಿದ್ದೆವು. ಒಬ್ಬ ಸತ್ತರೆ ಉಳಿದ ಮೂವರು ಸೇರಿ ಅವನ ಪಾಲನ್ನೂ ಒಪ್ಪಿಸಬಲ್ಲೆವು. ಇಬ್ಬರು ಹೋದರೆ ಮಾತ್ರ ಎಲ್ಲವೂ ಹೋದಂತೆ.

ವಿನುತಾಳ ತಂದೆ ಚಿಕ್ಕಲಿಂಗಯ್ಯ ಮೇಷ್ಟ್ರು ಮೂವತ್ತು ವರ್ಷ ಕಬಡ್ಡಿ ಪಂದ್ಯಗಳಿಗೆ ಮೈಕು ಹಿಡಿದವರು. ಅವರ ಗಂಟಲಿಗೇ ಕ್ಯಾನ್ಸರ್ ಬಂತು. ಆಯುಧಪೂಜೆಯ ಹಿಂದಿನ ದಿನ ಮೈಸೂರಿನಲ್ಲಿ ಆಪರೇಷನ್. ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಒಂದು ಕಂಪನಿಯವರು ತಾವು ಕೊಟ್ಟ ಸಾವಿರ ಬಿಡಿ ವಾಕ್ಯ ಓದಿಸಿ ಕಳಿಸಿದರೆ ಬೆರಳಲ್ಲಿ ಒತ್ತಿದ್ದನ್ನೆಲ್ಲ ಅವರದೇ ದನಿಯಲ್ಲಿ ಆಡುವ ಫೋನು ಮಾಡಿಕೊಡುತ್ತೇವೆ ಎಂದರು. ಮೇಷ್ಟ್ರು ನೋವು ನುಂಗಿಕೊಂಡು ತಿಂಗಳಿಡೀ ಓದಿದರು. ಒಂದೊಂದು ವಾಕ್ಯವನ್ನೂ ನಾವು ನಾಲ್ವರು ಜೋಪಾನ ಮಾಡಿದೆವು.

ಪೆಟ್ಟಿಗೆಯಲ್ಲಿ ಹಳೆಯ ಪಂದ್ಯಗಳ ವೀಡಿಯೊ ಗಿಜಿಗುಡುತ್ತಿತ್ತು. ಕೊನೆಯ ವಾಕ್ಯಗಳು ಸೇರುವಷ್ಟರಲ್ಲಿ ಜಾಗ ಮುಗಿದೇಹೋಯಿತು. ವಿನುತಾ ನಾಲ್ಕು ದೊಡ್ಡ ಡಿಸ್ಕು ತಂದಳು. ಒಬ್ಬೊಬ್ಬರನ್ನೇ ತೆಗೆದು ಹೊಸಬನನ್ನು ಕೂರಿಸಿ, ಹಳಬರು ಅವನಿಗೆ ಪಾಠ ಒಪ್ಪಿಸುವವರೆಗೆ ಕಾಯಬೇಕು. ಎಲ್ಲದಕ್ಕೂ ಇನ್ನೊಂದು ಪ್ರತಿ ಬೇರೆ ಕಡೆ ಇಡಿ ಎಂದು ದಿನಾ ಹುಡುಗರಿಗೆ ಹೇಳುವವಳು ತಾನು ಇಟ್ಟಿರಲಿಲ್ಲ, ಕಂಪನಿಗೂ ಇನ್ನೂ ಕಳಿಸಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮೊದಲು ಹೊರಬಿದ್ದವನು ನಾನೇ. ನನ್ನಲ್ಲಿ ಆಗಲೇ ಅಲ್ಲಲ್ಲಿ ಕಲೆ ಬಿದ್ದಿತ್ತು. ನನ್ನ ಜಾಗದಲ್ಲಿ ಕುಳಿತ ಹೊಸಬನಿಗೆ ಒಂದೂವರೆ ದಿನದ ಪಾಠ ಬಾಕಿಯಿತ್ತು, ಅಲ್ಲಿಯವರೆಗೆ ಉಳಿದ ಮೂವರಲ್ಲಿ ಒಬ್ಬನೂ ಹೋಗುವಂತಿರಲಿಲ್ಲ. ಆಸ್ಪತ್ರೆಗೆ ಹೊರಟು ನಿಂತ ವಿನುತಾ ಅಜ್ಜಿ ನಿಂಗಮ್ಮನಿಗೆ, "ಇದ್ರ ಸ್ವಿಚ್ ಮಾತ್ರ ಮುಟ್ಬ್ಯಾಡ ಕಣಜ್ಜಿ. ಅಪ್ಪನ ದನಿಯೆಲ್ಲಾ ಇದ್ರೊಳಗೇ ಇರೋದು" ಎಂದಳು.

ಮಾರನೆಯ ದಿನ ನಿಂಗಮ್ಮ ಕುಡುಗೋಲು, ಹೊಲಿಗೆ ಯಂತ್ರ, ಸ್ಕೂಟರು ಎಲ್ಲವನ್ನೂ ಒರೆಸಿ ಕುಂಕುಮವಿಟ್ಟಳು. ಕೊನೆಗೆ ಪೆಟ್ಟಿಗೆಯ ಮುಂದೆ ಬಂದು ನಿಂತಳು. "ಮನೆಯೊಳಗಿರೋ ಕಬ್ಬಿಣಕ್ಕೆಲ್ಲ ಪೂಜೆ ಆಯ್ತು, ನನ್ ಮಗನ್ ದನಿಗೆ ಬ್ಯಾಡ್ವಾ?" ಎಂದುಕೊಂಡಳು. ಸ್ವಿಚ್ಚು ಮುಟ್ಟಲಿಲ್ಲ, ಮೊಮ್ಮಗಳ ಮಾತು ಮೀರುವವಳಲ್ಲ ಅವಳು. ಡಿಸ್ಕುಗಳ ಖಾನೆಗಳನ್ನು ಒಂದೊಂದಾಗಿ ಎಳೆದಳು, ಅಷ್ಟೇ. ಇನ್ನೂ ತಿರುಗುತ್ತಿದ್ದ ಮೂರನೆಯವನು ಅವಳ ಕೈಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದ. ಎತ್ತಿ, ಕಣ್ಣಿಗೊತ್ತಿಕೊಂಡು, ಅವನಿಗೂ ಕುಂಕುಮವಿಟ್ಟಳು. ಮೇಜಿನ ಮೇಲಿದ್ದ ನನಗೂ ಇಟ್ಟಳು.

ಮೂರನೆಯ ದಿನ ವಿನುತಾ ಬಂದಾಗ ಬಿದ್ದವನು ಹೆಣವಾಗಿದ್ದ. ಹೊಸಬನ ಪಾಠ ಅರ್ಧಕ್ಕೇ ನಿಂತಿತ್ತು. ಮೈಸೂರಿನಲ್ಲಿ ಮೇಷ್ಟ್ರ ಗಂಟಲಿನ ಕೆಲಸವೂ ಮುಗಿದಿತ್ತು. ಇನ್ನೆರಡು ಹಳೆಯ ಡಿಸ್ಕುಗಳ ಜತೆ ನಾನೂ ಸೇರಿದರೆ ಮೂವರಾಗುತ್ತಿದ್ದೆವು. ಕೆಲಸಕ್ಕೆ ಬಾರದವನೆಂದು ಹೊರಗಿಟ್ಟ ನನ್ನ ಕುಂಕುಮ ಒರೆಸಿ ಮತ್ತೆ ಪೆಟ್ಟಿಗೆಯಲ್ಲಿ ಕೂರಿಸಿದಳು.

"ಇವತ್ತೊಂದಿನ ತಿರುಗು," ಎಂದಳು. "ಆಮೇಲ್ ಬೇಕಾರೆ ಸಾಯಿ."

ತಿರುಗಿದೆ. ಪಂದ್ಯಗಳನ್ನೆಲ್ಲ ಬಿಟ್ಟು ವಾಕ್ಯಗಳನ್ನೇ ಮೊದಲು ಕೇಳಿದಳು. ಒಂದೊಂದು ಕೊಡುವಾಗಲೂ ನನ್ನೊಳಗೆ ಟಕ್ ಟಕ್ ಸದ್ದು. ನಾನು ನಿಂತರೆ ಆ ಮನುಷ್ಯ ಎರಡನೆಯ ಸಲ ಮೂಕನಾಗುತ್ತಾನೆ ಎಂದು ನನಗೆ ಗೊತ್ತಿತ್ತು. ಮುನ್ನೂರ ನಲವತ್ತೊಂದು ಕೊಟ್ಟೆ. ಮುಂದಿನದಕ್ಕೆ ಮುಳ್ಳು ತಟ್ಟೆಗೆ ತಾಗಿ ಮೈಯೆಲ್ಲ ಗೀರಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಕನಿಷ್ಠ ಆರುನೂರು ಬೇಕು, ಇಷ್ಟರಲ್ಲಿ ದನಿ ಕಟ್ಟಲಾಗದು ಎಂದರು ಕಂಪನಿಯವರು. ವಿನುತಾ ಫೋನಿಟ್ಟು ಅಜ್ಜಿಯ ಮುಂದೆ ಕುಸಿದು ಕುಳಿತಳು. "ಉಳಿದಿದ್ದ ದನೀನೂ ನಿನ್ ಪೂಜೆಗೇ ಹೋಯ್ತು ಕಣಜ್ಜಿ," ಅಂದುಬಿಟ್ಟಳು. ಮುದುಕಿ ಅಂದಿನಿಂದ ಅನ್ನ ಬಿಟ್ಟಳು.

ಈಗ ನಾನು ನಡುಮನೆಯ ಗೂಡಿನಲ್ಲಿದ್ದೇನೆ. ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಹೊಸ ಡಿಸ್ಕುಗಳಲ್ಲಿ ಬೇಕಾದಷ್ಟು ಜಾಗವಿದೆ, ತುಂಬಲು ದನಿಯಿಲ್ಲ. ಜಾಗ ಸಾಲದೆ ಇದ್ದ ಕಾಲವೇ ಈ ಮನೆಯ ಸಿರಿವಂತಿಕೆಯ ಕಾಲವಾಗಿತ್ತೇನೋ.

ಮೇಷ್ಟ್ರು ಕುತ್ತಿಗೆಯಲ್ಲಿ ನಳಿಗೆಯೊಂದಿಗೆ ಮನೆಗೆ ಬಂದ ದಿನ ನಿಂಗಮ್ಮ ಮಗನ ಕೈ ಹಿಡಿದು ಅತ್ತಳು. "ನಿನ್ ಬಾಯ್ ನಾನೇ ಕಿತ್ಕಂಡೆ ಕಣ್ಮಗ." ಮೇಷ್ಟ್ರು ಫೋನು ತೆಗೆದು, ವಿನುತಾ ಅದಕ್ಕೆ ಹಾಕಿಕೊಟ್ಟಿದ್ದ ಮುನ್ನೂರ ನಲವತ್ತೊಂದು ವಾಕ್ಯಗಳಲ್ಲಿ ಬಹಳ ಹೊತ್ತು ಹುಡುಕಿದರು. ತಾಯಿಯನ್ನು ಸಮಾಧಾನ ಮಾಡುವ ಮಾತು ಒಂದೂ ಅದರಲ್ಲಿರಲಿಲ್ಲ. ಕೊನೆಗೆ ಯಾವುದೋ ಒಂದನ್ನು ಒತ್ತಿದರು.

"ಬಸ್ಸು ಹತ್ತು ನಿಮಿಷ ತಡವಾಗಿ ಬರುತ್ತದೆ," ಎಂದಿತು ಮೇಷ್ಟ್ರ ದನಿ.

ನಿಂಗಮ್ಮ ತಲೆಯೆತ್ತಿ ಮಗನ ಮುಖ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬರ್ಲಿ ಬುಡು ಮಗ," ಎಂದಳು. "ಕಾಯ್ತೀನಿ."