ಖಾಸಿಂಬಿಯ ಹದಿನೈದು ಪದಗಳು

ಲೆಕ್ಕದ ಕಾಟ ಇರುವುದಿಲ್ಲ ಎಂದು ನಂಬಿಯೇ ಕೊಂಕಲ್‌ನ ಕರೆಮ್ಮ ಬಿ.ಎ.ಯಲ್ಲಿ ಮನಃಶಾಸ್ತ್ರ ತೆಗೆದುಕೊಂಡಿದ್ದಳು. ಎರಡನೇ ವರ್ಷ ಸಂಖ್ಯಾಶಾಸ್ತ್ರ ಎದುರಾಯಿತು. ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡಳು. ಆಮೇಲೆ ಹಟಕ್ಕೆ ಬಿದ್ದು ಕಲಿತಳು.

ಪ್ರಾಜೆಕ್ಟಿಗೆ ಆಕೆ ಆರಿಸಿಕೊಂಡದ್ದು ನೆನಪಿನ ಶಕ್ತಿ. ಕಾಲುವೆ ಬಂದ ಮೇಲೆ ಊರ ಸುತ್ತಲೆಲ್ಲ ಭತ್ತದ ನಾಟಿ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಗದ್ದೆಗೆ ಹೋಗಿ, ಹನ್ನೊಂದು ಮಂದಿ ಹೆಂಗಸರನ್ನು ಒಬ್ಬೊಬ್ಬರಾಗಿ ಬದುವಿನ ಮೇಲೆ ಕೂರಿಸಿ ಹದಿನೈದು ಪದ ಓದಿ ಹೇಳಿದಳು: ಕೊಡ, ಕುಡಗೋಲು, ಬಳೆ, ಹೀಗೆ. ಎಷ್ಟು ನೆನಪಿದೆಯೋ ಅಷ್ಟನ್ನು ಅವರು ತಿರುಗಿ ಹೇಳಬೇಕು. ಹತ್ತು ಮಂದಿ ಐದರಿಂದ ಎಂಟು ಪದ ಹೇಳಿದರು. ಖಾಸಿಂಬೀ ಎಂಬ ಮುದುಕಿ ಹದಿನೈದನ್ನೂ ಹೇಳಿಬಿಟ್ಟಳು, ಅದೂ ಕ್ರಮವಾಗಿ.

ಶಹಾಪುರದ ಕಾಲೇಜಿನಲ್ಲಿ ಅಮರಪ್ಪ ಸರ್ ಪಟ್ಟಿ ನೋಡಿ ಕನ್ನಡಕ ತೆಗೆದರು.

"ಇದೊಂದು ತಪ್ಪು ಬಿದ್ದದ. ನೀನರ ಸುಳಿವು ಕೊಟ್ಟಿರಬೇಕು, ಇಲ್ಲಾ ಬರ್ಕೊಳ್ಳಾಗ ಎಡವಿರಬೇಕು. ಹೊಡದ್ ಹಾಕು."

"ಹೊಡಿಯಂಗಿಲ್ರಿ ಸರ್. ನಾನು ಕಿವಿಯಾರೆ ಕೇಳೀನಿ. ನೀವೇ ಬ್ಯಾರೆ ಪದ ಬರ್ದು ಲಕೋಟೆ ಅಂಟಿಸಿ ಕೊಡ್ರಿ. ಆಕಿ ಮುಂದ ಒಡೀತೀನಿ."

ಎರಡನೇ ವರ್ಷದ ಹುಡುಗಿ ಹೀಗೆ ಎದುರು ಮಾತಾಡಿದ್ದು ಸರ್‌ಗೆ ಹೊಸದು. ಆದರೂ ಬರೆದುಕೊಟ್ಟರು.

ಭಾನುವಾರ ಖಾಸಿಂಬೀ ಮನೆಯಂಗಳದಲ್ಲಿ ಕರೆಮ್ಮ ಲಕೋಟೆ ಒಡೆದಳು. ಈ ಸಲ ಕುರ್ಚಿ, ಚಂದ್ರ, ಕೋಪದಂಥ ಹದಿನೈದು ಪದಗಳು. ಮುದುಕಿ ಕಣ್ಣು ಮುಚ್ಚಿ ಕೇಳಿದಳು. ನಂತರ ಒಂದೊಂದಾಗಿ ಹದಿನಾಲ್ಕು ಹೇಳಿದಳು.

"ಹ್ಯಾಂಗ್ ನೆನಪಿಡ್ತೀ ಆಯಿ?"

"ನನ್ ಗಂಡ ಕಾಲುವಿ ನೀರು ಬಿಡಾಂವ ಇದ್ದ. ದಿನಾ ಅಂವಗ ರೊಟ್ಟಿ ಒಯ್ತಿದ್ದೆ. ದಾರಿಗೆ ಹದಿನೈದು ತೂಬು ಅವ. ನೀ ಒಂದೊಂದು ಪದ ಹೇಳ್ದಾಗ ಮನಸ್ಸಿನ್ಯಾಗ ಅದನ್ನ ಒಂದೊಂದು ತೂಬಿನ ಮ್ಯಾಲ ಇಟ್ಕೋತ ಹೋದೆ. ಹನ್ನೆರಡನೇದು ಮೊನ್ನಿ ಒಡದದ ನೋಡು, ಅಲ್ಲಿಟ್ಟಿದ್ದು ತೇಲಿ ಹೋತು!" ಎಂದು ನಕ್ಕಳು.

ಸೋಮವಾರ ಕರೆಮ್ಮ ಬೋರ್ಡಿನ ಮುಂದೆ ನಿಂತಳು. ಖಾಸಿಂಬಿಯನ್ನು ಬಿಟ್ಟರೆ ಸರಾಸರಿ ಆರು ಪಾಯಿಂಟ್ ಏಳು. ಸೇರಿಸಿದರೆ ಸುಮಾರು ಏಳೂವರೆ.

"ಒಬ್ಬಾಕಿ ಬಂದ್ರ ಸರಾಸರಿ ಮ್ಯಾಲ ಜಿಗೀತದ್ರಿ. ಆದ್ರ ಎಲ್ಲಾರ್ನೂ ಸಾಲಾಗಿ ನಿಲ್ಲಿಸಿ ನಡುವಿನಾಕಿನ್ನ ನೋಡಿದ್ರ, ಆಕಿ ಇರ್ಲಿ ಬಿಡ್ಲಿ, ಮಧ್ಯಾಂಕ ಏಳೇ. ಅದಕ್ಕ ಸರಾಸರಿ, ಮಧ್ಯಾಂಕ ಎರಡೂ ಬರೀತೀನಿ. ಖಾಸಿಂಬೀನೂ ಪಟ್ಟಿಯಾಗ ಇರ್ತಾಳ. ಉಳಿದ ಹತ್ತು ಮಂದಿಗೆ ಈ ತೂಬಿನ ಯುಕ್ತಿ ಕಲಿಸಿ ಮತ್ತ ಕೇಳ್ತೀನ್ರಿ."

"ನಂದೇ ಅವಸರ ಆತವ್ವ," ಎಂದರು ಅಮರಪ್ಪ ಸರ್, ತರಗತಿಯ ಎದುರೇ.

ಮುಂದಿನ ವಾರ ಅದೇ ಬದುವಿನ ಮೇಲೆ ಹೊಸ ಪದಗಳೊಂದಿಗೆ ಪರೀಕ್ಷೆ ನಡೆಯಿತು. ಎಂಟು ಮಂದಿ ಮೊದಲಿಗಿಂತ ಹೆಚ್ಚು ಹೇಳಿದರು. ಒಬ್ಬಳದು ಅಷ್ಟೇ ಉಳಿಯಿತು, ಇನ್ನೊಬ್ಬಳದು ಒಂದು ಇಳಿಯಿತು. ಹತ್ತು ಮಂದಿಯಿಂದ ಜಗತ್ತಿಗೆಲ್ಲ ತೀರ್ಪು ಕೊಡಲಾಗದು ಎಂದು ಕರೆಮ್ಮನಿಗೆ ಗೊತ್ತಿತ್ತು. ಆ ಮಾತನ್ನೂ ವರದಿಯಲ್ಲಿ ಬರೆದು, ಸುರಪುರ ಭಾಗದ ಇನ್ನೂ ನಲವತ್ತು ಹೆಂಗಸರನ್ನು ಕೇಳಲು ಸರ್‌ನಿಂದ ಒಪ್ಪಿಗೆ ಪಡೆದಳು.