ಹೆಸರಿನ ಮಧ್ಯೆ ಹೋದ ಸಿಗ್ನಲ್

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಮಾಡಿದ್ದೆ. ವವಾವು ದ್ವೀಪದ ಕಥೆಯೆಂದರೆ ಓದುವವರಿಗೆ ಮೊದಲ ಸಾಲಿನಲ್ಲೇ ಒಂದು ಅಲೆ ಬೇಕೆಂಬ ಭ್ರಮೆ ನನಗೆ. ಬರೆದದ್ದನ್ನು ಕಥೆಯ ಒಡತಿ ಪಿಸಿಲಾಗೆ ಓದಿ ಹೇಳಿದೆ. ಕೇದಗೆ ಗರಿಯ ಚಾಪೆ ಹೆಣೆಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಸಮುದ್ರ ಏನ್ಮಾಡ್ತು ಪಾಪ? ಎಡವಟ್ಟು ಮಾಡಿದ್ದು ಫೋನು. ಅಲ್ಲಿಂದ ಹೇಳು."

ಸರಿ. ಅಲೆಯನ್ನು ಹೊಡೆದುಹಾಕಿದೆ.

೧

ಪಿಸಿಲಾಳ ಮನೆಗೆ ಅಂಟಿಕೊಂಡಂತೆ ಒಂದು ಗೆಸ್ಟ್ ಹೌಸ್ ಇದೆ. ಅದರ ವೈಫೈ ಪಾಸ್‌ವರ್ಡ್ ಅವಳಿಗೆ ಗೊತ್ತು. (ಹೇಗೆ ಗೊತ್ತಾಯಿತು ಎಂದು ನಾನು ಕೇಳಿಲ್ಲ. ನೀವೂ ಕೇಳಬೇಡಿ.) ಅಂಗಳದವರೆಗೆ ವೈಫೈ ಚೆನ್ನಾಗಿ ಸಿಗುತ್ತದೆ, ಆಮೇಲೆ ಏದುಸಿರು ಬಿಡುತ್ತದೆ. ಅಂಥ ಹೊತ್ತಿನಲ್ಲಿ ಫೋನು ತಾನಾಗಿಯೇ ಮೊಬೈಲ್ ಡೇಟಾಕ್ಕೆ ದಾಟುವ ಒಂದು ಸೆಟ್ಟಿಂಗ್ ಉಂಟು. ಹೇಳದೆ ಕೇಳದೆ ಡೇಟಾ ತಿಂದುಹಾಕುತ್ತದೆಂದು ಪಿಸಿಲಾ ಅದನ್ನು ಎಂದೋ ಆಫ್ ಮಾಡಿದ್ದಳು. ಹೀಗಾಗಿ ಅವಳ ಫೋನು ಸಾಯುತ್ತಿರುವ ವೈಫೈಯನ್ನೇ ತಬ್ಬಿಕೊಂಡು ಕೂರುವ ಜಾತಿಯದು.

೨

ಆಕ್ಲೆಂಡಿನಲ್ಲಿ ಅವಳ ತಮ್ಮ ಸೆಮಿಸಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ಹಕ್ಕು ಸೋದರತ್ತೆಯದು. ವವಾವಿನವರಲ್ಲಿ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪಿಸಿಲಾ ಹೆಸರನ್ನು ಆಗಲೇ ಆರಿಸಿಟ್ಟಿದ್ದಳು: ಮೆಲೆನೈತೆ, ತೀರಿಹೋದ ಅವಳ ಅಮ್ಮನದು.

(ಈಗ ಖಳನಾಯಕಿ ಬೇಕಲ್ಲ? ಇದ್ದಾಳೆ.) ಸೆಮಿಸಿಯ ಹೆಂಡತಿಯ ತಾಯಿ, ಹೆಸರು ಮೆಲೆ. ಮದುವೆಯಲ್ಲಿ ಪಿಸಿಲಾ ತಾನೇ ಹೆಣೆದ ಚಾಪೆ ಉಡುಗೊರೆ ಕೊಟ್ಟಿದ್ದಳು. ಮೆಲೆ ಅದನ್ನು ಉಡುಗೊರೆ ಚಾಪೆಗಳ ರಾಶಿಯ ತೀರಾ ಅಡಿಗೆ ಹಾಕಿಸಿದಳು, ಎಲ್ಲರ ಕಣ್ಣೆದುರು. ಅಂದಿನಿಂದ ಮಾತಿಲ್ಲ.

೩

ಭಾನುವಾರ, ಚರ್ಚು ಮುಗಿದ ಮೇಲೆ ವಿಡಿಯೊ ಕಾಲ್. ಆ ಕಡೆ ಮನೆತುಂಬ ನೆಂಟರು. ಅಮ್ಮನ ಗೋರಿಯ ಹತ್ತಿರ ನಿಂತೇ ಹೆಸರು ಹೇಳಬೇಕೆಂದು ಪಿಸಿಲಾಳ ಆಸೆ. ಗೋರಿ ಹಿತ್ತಲಾಚೆಯ ದಿಬ್ಬದ ಮೇಲೆ. ನಡೆಯುತ್ತ ಹೋದಂತೆ ಸೆಮಿಸಿಯ ಮುಖ ಚೌಕ ಚೌಕವಾಗಿ ಒಡೆಯಿತು.

"ಅಕ್ಕ, ವೈಫೈ ಬಿಡ್ತಿಲ್ಲ ನಿನ್ನ ಫೋನು! ಆ ಸೆಟ್ಟಿಂಗ್ ಆನ್ ಮಾಡು, ತಾನೇ ಡೇಟಾಕ್ಕೆ ಹೋಗುತ್ತೆ!"

"ಆಯ್ತಪ್ಪ, ಕಿರುಚಬೇಡ." ಆನ್ ಮಾಡಿದಳು. ಮುಖ ಒಂದು ಕ್ಷಣ ಕೂಡಿಕೊಂಡಿತು. ಇದೇ ಸಮಯವೆಂದು ಅವಳು ಗಂಟಲು ಸರಿಮಾಡಿಕೊಂಡು, ಗೋರಿಯ ಮೇಲೆ ಕೈಯಿಟ್ಟು, ದೊಡ್ಡ ದನಿಯಲ್ಲಿ ಹೆಸರು ಹೇಳಿದಳು.

ಫೋನು ಕೂಡ ಇದೇ ಸಮಯವೆಂದುಕೊಂಡಿತು. ವೈಫೈ ಬಿಟ್ಟು ಡೇಟಾದ ಕೈ ಹಿಡಿಯುವ ಮಧ್ಯೆ ಹೆಸರಿನ ಹಿಂಭಾಗ ಎಲ್ಲೋ ಬಿದ್ದುಹೋಯಿತು.

ಚಿತ್ರ ಮರಳಿದಾಗ ಮನೆಯೆಲ್ಲ ಚಪ್ಪಾಳೆ. "ಮೆಲೆ! ಮೆಲೆ ಅಂತೆ!" ಮಗುವನ್ನೆತ್ತಿಕೊಂಡಿದ್ದ ಬೀಗತಿ ಮೆಲೆ ಗಳಗಳ ಅಳುತ್ತಿದ್ದಳು.

೪ (ಹರಿದುಹಾಕಿದ ಕರಡುಗಳು)

ಒಂದರಲ್ಲಿ ಪಿಸಿಲಾ, ಹೋಗಲಿ ಎಂದು ಅದೇ ಹೆಸರನ್ನು ಒಪ್ಪಿಕೊಂಡು ತ್ಯಾಗಮಯಿಯಾಗುತ್ತಾಳೆ. ಓದಿ ಹೇಳಿದಾಗ, "ಯಾರು, ನಾನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದರಲ್ಲಿ ಬೀಗತಿಗೆ ಎಲ್ಲರೆದುರು ಛೀಮಾರಿ ಹಾಕುತ್ತಾಳೆ. ಅದಕ್ಕೆ ನಗಲಿಲ್ಲ. "ಅಳ್ತಾ ಇದ್ದಳು ಕಣೋ, ಅಳೋರ ಮೇಲೆ ಹೇಗೋ ಬೀಳೋದು?"

ಆದದ್ದನ್ನೇ ಬರೆಯುತ್ತೇನೆ.

೫

ಮೆಲೆ ಫೋನನ್ನು ಕಸಿದುಕೊಂಡಳು. "ನನ್ನ ಹೆಸರು ಇಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಬೀಗತಿ. ಆವತ್ತು ಚಾಪೆ ಅಡಿಗೆ ಹಾಕ್ಸಿದ್ದು ನಾನೇ, ಬೇಕಂತ್ಲೇ. ನಾನು ತಂದಿದ್ದು ಅದರ ಮುಂದೆ ಕಳೆಗುಂದುತ್ತೆ ಅಂತ ಹೊಟ್ಟೆಕಿಚ್ಚು."

ಪಿಸಿಲಾಗೆ ಯೋಚಿಸಲು ಸಮಯ ಬೇಕಿತ್ತು. ಅದಕ್ಕೆ ಬಾಯಿ ಅರೆ ತೆರೆದು, ರೆಪ್ಪೆ ಬಡಿಯದೆ, ಉಸಿರು ಕಟ್ಟಿ ನಿಂತುಬಿಟ್ಟಳು.

"ಹಲೋ? ಸೆಮಿಸಿ, ಮತ್ತೆ ನಿಂತೋಯ್ತು ನೋಡು."

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಹಂದಿಯೊಂದು ಆರಾಮಾಗಿ ದಾಟಿಹೋಯಿತು.

"ಇದೇನಿದು?" ಮೆಲೆ ಕಣ್ಣು ಕಿರಿದು ಮಾಡಿದಳು. "ಹಂದಿ ಓಡಾಡ್ತಿದೆ, ಬೀಗತಿ ಮಾತ್ರ ನಿಂತೋಗಿದ್ದಾರೆ!"

ಪಿಸಿಲಾಗೆ ನಗು ತಡೆಯಲಾಗಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಸುಳ್ಳು ಹೇಳದೆ ಹೇಳಿದಳು: "ನಾನು ಹೇಳಿದ್ದು ಪೂರ್ತಿ ಬಂದಿಲ್ಲ ಬೀಗತಿ. ಮೆಲೆನೈತೆ. ನಮ್ಮಮ್ಮನ ಹೆಸರು."

ಚಪ್ಪಾಳೆ ಹೊಡೆದ ಕೈಗಳು ಮಡಿಲಿಗಿಳಿದವು. ಮೆಲೆಯ ಮುಖ ಕಲ್ಲಾಯಿತು. ಈ ಸಲ ನಿಂತುಹೋದದ್ದು ನೆಟ್‌ವರ್ಕೋ, ಮನುಷ್ಯಳೋ ಎಂದು ಪಿಸಿಲಾಗೆ ತಿಳಿಯಲಿಲ್ಲ.

"ಹೆಸರಲ್ಲಿ ಮುಂದಿರೋದು ನಾನು ತಾನೆ?" ಎಂದಳು ಮೆಲೆ ಕೊನೆಗೆ.

"ಮುಂದೆ ನೀವೇ. ನಮ್ಮಮ್ಮ ಹಿಂದೆ ನಿಂತಿರ್ತಾಳೆ. ಹುಷಾರು, ಕೈಯೇಟು ಜೋರು ಅವಳದು."

ಮೆಲೆ ಮೂಗೊರೆಸಿಕೊಂಡು ಮಗುವಿನತ್ತ ಬಾಗಿದಳು. "ಕೇಳಿದ್ಯೇನೆ? ನಿಂಗೆ ಇಬ್ಬಿಬ್ಬರು ಗಂಟುಬಿದ್ದಿದೀವಿ."

೬

ಇಲ್ಲಿ ಮುಗಿಸಬಹುದಿತ್ತು. ಆದರೆ ಆಕ್ಲೆಂಡಿನವರು ಈಗ ಮಗುವನ್ನು ಮೆಲೆ ಅನ್ನುತ್ತಾರೆ, ವವಾವಿನವರು ನೈತೆ. ದೊಡ್ಡವಳಾದ ಮೇಲೆ ಅವಳು ಯಾವುದಕ್ಕೆ ತಿರುಗಿ ನೋಡುತ್ತಾಳೆ? ಅದನ್ನೂ ಊಹಿಸಿ ಒಂದು ಒಳ್ಳೆಯ ಕೊನೆಯ ಸಾಲು ಬರೆದು ಪಿಸಿಲಾಗೆ ಓದಿ ಹೇಳಿದೆ.

"ಮಗೂಗೆ ಇನ್ನೂ ಕತ್ತೇ ನಿಂತಿಲ್ಲ," ಎಂದಳು, "ಅದು ಎತ್ತ ತಿರುಗುತ್ತೆ ಅಂತ ಬರೀತೀಯಾ? ಅಳಿಸು. ಕೆಸುವಿನೆಲೆ ಬೆಂದಿದೆ, ಕೈ ತೊಳ್ಕೊಂಡು ಬಾ."

ಅಳಿಸಿದ್ದೇನೆ.