ಹದಿನಾಲ್ಕನೇ ಕಾಗದ

ಪಾಲಾರಿವಟ್ಟಂನ ನಮ್ಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಾಗಿಲ ಮೇಜಿಗೆ ಪಾಳಿಯ ಮೇಲೆ ಕೂರುವ ಆರು ನರ್ಸುಗಳಲ್ಲಿ ನಾನೂ ಒಬ್ಬಳಾಗಿದ್ದೆ. ಬಂದ ರೋಗಿಗಳ ಸ್ಥಿತಿ ನೋಡಿ ಕೈಗೆ ಬಣ್ಣದ ಪಟ್ಟಿ ಕಟ್ಟುವುದು ಕೆಲಸ. ಕೆಂಪಾದರೆ ತಕ್ಷಣ ಒಳಗೆ, ಹಳದಿಯಾದರೆ ಅರ್ಧ ಗಂಟೆಯೊಳಗೆ, ಹಸಿರಾದರೆ ಕಾಯಬೇಕು. ಉಳಿದ ಐವರೂ ದೊಡ್ಡ ಕಾಲೇಜಿನವರು. ನಾನು ಕಾಸರಗೋಡಿನಲ್ಲಿ ಹಗಲು ಆಯಾ ಕೆಲಸ ಮಾಡಿ, ಸಂಜೆ ತರಗತಿಯಲ್ಲಿ ಪ್ಲಸ್ ಟು ಮುಗಿಸಿ, ತಡವಾಗಿ ನರ್ಸಿಂಗ್ ಡಿಪ್ಲೊಮಾ ಮಾಡಿದವಳು. ಆ ಮೇಜು ಸಿಗಲು ಒಂಬತ್ತು ವರ್ಷ ಹಿಡಿದಿತ್ತು.

ತಿರುವನಂತಪುರದ ಮುಖ್ಯ ಕಚೇರಿಯಿಂದ ಮಹತಿ ಮೇಡಂ ಬಂದು ಇಪ್ಪತ್ತು ಕಾಗದ ಕೊಟ್ಟರು. ಒಂದೊಂದರಲ್ಲೂ ಒಬ್ಬ ರೋಗಿಯ ವಿವರ. ನಾವು ಬಣ್ಣ ಬರೆಯಬೇಕು. ತಿಂಗಳ ನಂತರ ಅವೇ ಕಾಗದ ಮತ್ತೆ. ಎರಡು ಸಲವೂ ಒಂದೇ ಉತ್ತರ ಬರುತ್ತದೆಯೇ ಎಂದು ನೋಡುತ್ತಾರೆ. ಯಾರ ಉತ್ತರಗಳು ಎಲ್ಲರಿಗಿಂತ ಕಡಿಮೆ ತಾಳೆಯಾಗುತ್ತವೋ ಅವರು ಮೇಜು ಬಿಟ್ಟು, ಗಾಯಕ್ಕೆ ಕಟ್ಟು ಹಾಕುವ ಡ್ರೆಸಿಂಗ್ ಕೋಣೆಗೆ.

ಆರು ಮಂದಿಯೂ ಮಾತಾಡಿಕೊಂಡು ಒಂದೇ ಉತ್ತರ ಬರೆದೆವು. ಹದಿನಾಲ್ಕನೆಯದು: ಐವತ್ತೆಂಟರ ಹೆಂಗಸು, ದವಡೆ ನೋವು, ಬೆವರು.

“ಹಲ್ಲು ನೋವು. ಹಸಿರು,” ಎಂದಳು ಜೀವಿತಾ, ಮಂಗಳೂರಿನವಳಾದರೂ ನನ್ನನ್ನು ಮಲಯಾಳಿಗಳಂತೆ ಚೇಚಿ, ಅಂದರೆ ಅಕ್ಕ, ಎನ್ನುವವಳು. ಆಮೇಲೆ, ಮುಂದಿನ ಸಲ ನೋಡಿ ಬರೆಯಲೆಂದು, ಉತ್ತರಗಳ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. “ಇನ್ನು ನಿದ್ದೆ ಮಾಡಿ, ಭವಾನಿ ಚೇಚಿ. ನೀವು ಪರೀಕ್ಷೆ ಅಂದ್ರೆ ಸಾಕು, ನಡುಗ್ತೀರಿ.”

ಎರಡು ವಾರದ ನಂತರ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರು ಕಚೇರಿಯ ಗುಮಾಸ್ತ, ಜಯಣ್ಣ ಎಂಬವರು, ದವಡೆ ಹಿಡಿದುಕೊಂಡು ಬಂದರು. ನನ್ನ ಕೈ ಹಸಿರು ಪಟ್ಟಿಗೆ ಹೋಗಿತ್ತು. ಅಂಗಿ ಒದ್ದೆಯಾಗಿದ್ದದ್ದು ಕಂಡು ಅನುಮಾನವಾಗಿ ಇಸಿಜಿ ಮಾಡಿಸಿದೆ. ಹೃದಯಾಘಾತ. ಬದುಕಿ ಉಳಿದರು.

ಕಾಗದಗಳು ಮತ್ತೆ ಬಂದವು. ಹದಿನಾಲ್ಕರಲ್ಲಿ ಹಸಿರು ಬರೆದರೆ ಮೇಜು ಉಳಿಯುತ್ತದೆ. ಬರೆದೆ, ಅಳಿಸಿದೆ, ಫೋಟೋ ನೋಡಿದೆ. ಕೊನೆಗೆ ಕೆಂಪು ಬರೆದೆ.

ಐವರಿಗೂ ಇಪ್ಪತ್ತಕ್ಕೆ ಇಪ್ಪತ್ತು. ನನಗೆ ಹತ್ತೊಂಬತ್ತು. “ಯಾಕೆ ಬದಲಾಯಿಸಿದಿರಿ?” ಎಂದು ಮಹತಿ ಮೇಡಂ ಫೋನಿನಲ್ಲಿ ಕೇಳಿದರು. ಮೊದಲನೆಯದು ತಪ್ಪಾಗಿತ್ತು ಎಂದೆ. ಫೋಟೋದ ವಿಷಯ ಹೇಳಲಿಲ್ಲ. ಹೇಳಬೇಕಿತ್ತೇನೋ.

ನಾನು ಡ್ರೆಸಿಂಗ್ ಕೋಣೆಗೆ ಬಂದ ಐದನೇ ದಿನ, ಮಧ್ಯಾಹ್ನ, ಜೀವಿತಾ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಸಿರು ಪಟ್ಟಿ, ಇನ್ನೂ ಕಟ್ಟಿರಲಿಲ್ಲ.

“ಚೇಚಿ, ಒಬ್ರು ಅಮ್ಮ ಬಂದಿದ್ದಾರೆ. ದವಡೆ ನೋವಂತೆ. ಹಲ್ಲೆಲ್ಲಾ ಸರಿಯಿದೆ.”

“ಬೆವರು?”

“ಇದೆ.”

ನಾನು ಕೈಗವಸು ಕಳಚಿದೆ. “ಕೆಂಪು ತಗೊಂಡು ಓಡು. ಇಸಿಜಿಗೆ ನಾನೇ ಹೇಳ್ತೇನೆ.”